ಸ್ಕೇಟ್‌ಬೋರ್ಡಿಗೆ ಜಾಗ: ರಾಘುವಿಗೊಂದು ಪತ್ರ

ಮಾಟುಂಗ, ಮುಂಬಯಿ

ಪ್ರಿಯ ರಾಘು,

ನಿಮ್ಮೂರಿನ ಹೊಸ ಉದ್ಯಾನದಲ್ಲಿ ಸ್ಕೇಟ್‌ಬೋರ್ಡಿಗೆಂದು ಒಂದು ಮೂಲೆ ಬಿಡಬೇಕೆಂದು ಹುಡುಗರು ಅರ್ಜಿ ಕೊಟ್ಟಿದ್ದಾರೆಂದೂ, ಕೊಟ್ಟರೆ ಅದಕ್ಕೆ ಬೇಲಿ ಕಟ್ಟಿ ಬೀಗ ಹಾಕಬೇಕೇ ಬೇಡವೇ ಎಂದೂ ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ಇದೇ ಪ್ರಶ್ನೆ ನಮ್ಮ ಕಡೆಯೂ ಎದ್ದಿರುವುದರಿಂದ, ಇತರರೂ ಓದಲಿ ಎಂದು ಎಲ್ಲರೆದುರಿಗೆ ಬರೆಯುತ್ತಿದ್ದೇನೆ. ಕುಮಟೆಯ ಬಸ್ಸಿನ ಸಂಗತಿಯನ್ನು ಎತ್ತುವುದಿಲ್ಲ, ನಿಶ್ಚಿಂತೆಯಿಂದಿರು.

ಮಗಳು ಸ್ಕೇಟ್‌ಬೋರ್ಡ್ ಕಲಿಯತೊಡಗಿದ ಮೇಲೆ ನಾನು ಈ ನಗರದ ನೆಲವನ್ನು ನೋಡುವ ರೀತಿಯೇ ಬದಲಾಗಿದೆ. ಹಲಗೆಯಡಿಯ ಪಾಲಿಯುರೆಥೇನ್ ಚಕ್ರದ ವ್ಯಾಸ ಎರಡು ಇಂಚಿನ ಆಸುಪಾಸು ಮಾತ್ರ. ಫುಟ್‌ಪಾತಿನ ಪೇವರ್ ಬ್ಲಾಕುಗಳ ಪ್ರತಿಯೊಂದು ಸಂದಿಯಲ್ಲೂ ಅದು ಕಟಕಟನೆ ಮುಗ್ಗರಿಸುತ್ತದೆ. ಒಂದು ಬ್ಲಾಕ್ ಬೆರಳಿನಷ್ಟು ಮೇಲೆದ್ದಿದ್ದರೂ ಚಕ್ರ ಅಲ್ಲೇ ನಿಂತು, ಹಲಗೆಯ ಮೇಲಿದ್ದವಳು ಮಾತ್ರ ಮುಂದೆ ಹೋಗಿ ಬೀಳುತ್ತಾಳೆ. ಆದ್ದರಿಂದ ಕರಣೆಯಿಂದ ನಯವಾಗಿ ತೀಡಿದ ಕಾಂಕ್ರೀಟ್ ಹಾಸಿ, ಮಳೆನೀರು ನಿಲ್ಲದಷ್ಟು ಇಳಿಜಾರು ಕೊಟ್ಟು, ಒಂದೂವರೆ ಅಡಿ ಎತ್ತರದ ಉದ್ದನೆಯ ಕಟ್ಟೆಯೊಂದನ್ನು ಕಟ್ಟಿಸು. ಆ ಕಟ್ಟೆಯ ಅಂಚಿಗೆ ಕಬ್ಬಿಣದ ಆ್ಯಂಗಲ್ ಕೂರಿಸುವುದನ್ನು ಮಾತ್ರ ಯಾವ ಕಂತ್ರಾಟುದಾರ ಬೇಡವೆಂದರೂ ಬಿಡಬೇಡ. ಹಲಗೆ ಅಂಚಿನ ಮೇಲೆ ಉಜ್ಜಿಕೊಂಡು ಜಾರುವುದೇ ಈ ಆಟದ ಒಂದು ಮುಖ್ಯ ಭಾಗ. ಬರೀ ಸಿಮೆಂಟಿನ ಅಂಚು ಬೇಗನೆ ಉದುರುತ್ತದೆ, ಉದುರಿದ್ದನ್ನು ಕಂಡವರು ದೂರು ಕೊಡುತ್ತಾರೆ, ದೂರಿನ ಬೆನ್ನಿಗೆ ನಿಷೇಧದ ಫಲಕ ಬರುತ್ತದೆ. ಅದೇ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಹಿರಿಯರು ಕೂರಲಿ. ಅದೇ ನಯವಾದ ನೆಲದ ಮೇಲೆ ಗಾಲಿಕುರ್ಚಿಯೂ ಸಲೀಸಾಗಿ ಓಡುತ್ತದೆ.

ಬೇಲಿ ಬೇಡ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, 1967ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಹಾಲ್ ಎಂಬ ಸಂಗೀತ ಸಭಾಂಗಣದ ಅಡಿಯಲ್ಲಿ, ಯಾವ ಉದ್ದೇಶಕ್ಕೂ ಗೊತ್ತುಪಡಿಸದೆ ಬಿಟ್ಟಿದ್ದ ಒಂದು ಇಳಿಜಾರಿನ ಜಾಗವಿತ್ತು. 1970ರ ದಶಕದಲ್ಲಿ ಸ್ಕೇಟ್‌ಬೋರ್ಡಿನವರು ಅದನ್ನು ತಾವಾಗಿಯೇ ಕಂಡುಕೊಂಡರು. 2013ರಲ್ಲಿ ಅಲ್ಲಿ ಅಂಗಡಿಗಳನ್ನು ಮಾಡಿ, ಅವರಿಗೆ ಸಮೀಪದ ಸೇತುವೆಯೊಂದರ ಕೆಳಗೆ ಹೊಸ ಜಾಗ ಕೊಡುವ ಯೋಜನೆ ಬಂದಾಗ ಅವರು ಒಪ್ಪಲಿಲ್ಲ; ಮರುವರ್ಷ ಯೋಜನೆಯೇ ಹಿಂದೆ ಸರಿಯಿತು. ಹಾದುಹೋಗುವವರು ನಿಂತು ನೋಡುವಂತಿರುವ ಜಾಗವೇ ಅವರಿಗೆ ಬೇಕಾಗಿತ್ತು. ನಮ್ಮ ದೇಶದಲ್ಲೂ ಉದಾಹರಣೆಯಿದೆ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯಲ್ಲಿ ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಮಹಿಳೆ 2015ರಲ್ಲಿ ಒಂದು ಸ್ಕೇಟ್‌ಪಾರ್ಕ್ ಕಟ್ಟಿಸಿದರು. ಶಾಲೆಗೆ ಹೋಗದವರಿಗೆ ಸ್ಕೇಟ್‌ಬೋರ್ಡ್ ಇಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ: ಇವೇ ಅಲ್ಲಿಯ ಕಟ್ಟಳೆಗಳು. ಆದಿವಾಸಿ ಮಕ್ಕಳೂ ಯಾದವರ ಮಕ್ಕಳೂ ಅಲ್ಲಿ ಒಟ್ಟಿಗೆ ಆಡಿದರು. ಬೀಗದ ಕೈ ಯಾರ ಬಳಿ ಇರಬೇಕೆಂಬ ಚರ್ಚೆಗಿಂತ ಇಂಥ ಎರಡು ಕಟ್ಟಳೆಗಳು ಎಷ್ಟೋ ಮೇಲು.

ಇನ್ನು ಮುಂಬಯಿಯ ಮಾತು. ನಗರಯೋಜನೆಯ ಕೇಂದ್ರ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕೆನ್ನುತ್ತದೆ. ಇಲ್ಲಿ ನಮಗೆ ಸಿಗುವುದು ಒಂದೂಕಾಲು ಚದರ ಮೀಟರಿನ ಆಸುಪಾಸು. ಹಾಗಾಗಿ ಎಲ್ಲರ ಕಣ್ಣೂ ಮೇಲ್ಸೇತುವೆಗಳ ಕೆಳಗೆ ಬೀಳುತ್ತದೆ. ನಮ್ಮ ಮಾಟುಂಗದಲ್ಲಿ ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯಡಿ ನಿವಾಸಿಗಳ ಒತ್ತಾಯದಿಂದಲೇ 2016ರಲ್ಲಿ ಸುಮಾರು 600 ಮೀಟರ್ ಉದ್ದದ ಉದ್ಯಾನವಾಯಿತು. ಅದರ ನಡಿಗೆಯ ದಾರಿ ನರ್ಮದಾ ನದಿಯ ಹರಿವಿನಂತೆ ಬಳುಕುತ್ತದೆ. ನವಿ ಮುಂಬಯಿಯ ಸಾನಪಾಡಾದ ಮೇಲ್ಸೇತುವೆಯಡಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಇವನ್ನು ನೋಡಿ ನಾವು ಕೆಲವು ತಂದೆತಾಯಿಗಳು, ಇನ್ನೊಂದು ಮೇಲ್ಸೇತುವೆಯ ಕೆಳಗೆ ಸ್ಕೇಟ್‌ಬೋರ್ಡಿಗೆ ಜಾಗ ಕೇಳೋಣವೆಂದು ಮನವಿಯ ಕರಡು ಬರೆದೆವು. ‘ಖಾಲಿ ಬಿದ್ದಿರುವ ಜಾಗ’ ಎಂದು ಅದರಲ್ಲಿತ್ತು. ಸಹಿಗೆ ಮುಂಚೆ ನೋಡಿಬರೋಣವೆಂದು ರಾತ್ರಿ ಹತ್ತರ ಮೇಲೆ ಹೋದೆ. ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಶಾಲೆಯ ಸಮವಸ್ತ್ರವೊಂದು ಒಣಗುತ್ತಿತ್ತು. ಪಕ್ಕದಲ್ಲಿ ಮಕ್ಕಳು ಮಲಗಿದ್ದರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಏಕೆಂದರೆ, ರಾಘು, ನನ್ನ ಅಪ್ಪಯ್ಯ ‘ಹೋಟೆಲ್ ಉದ್ಯಮ’ದಲ್ಲಿದ್ದರು ಎಂದಷ್ಟೇ ನಿನಗೂ ಗೊತ್ತು. ಅವರು ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಇಲ್ಲಿಗೆ ಬಂದು, ಮುಂಬಯಿಯ ಫೋರ್ಟ್ ಪ್ರದೇಶದ ಉಡುಪಿ ಹೋಟೆಲೊಂದರಲ್ಲಿ ಮೇಜು ಒರೆಸುವ ಮಾಣಿಯಾಗಿ, ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ, ಹೋಟೆಲಿನ ಮುಂದಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿ ವರ್ಷಗಟ್ಟಲೆ ಮಲಗಿದವರು. 2018ರಲ್ಲಿ ಫೋರ್ಟಿನ ಬ್ಯಾಂಕ್ ಶಾಖೆಯೊಂದರ ಮುಂದೆ ಯಾರೂ ಕೂರದಂತೆ ಕಬ್ಬಿಣದ ಮೊಳೆಗಳನ್ನು ನೆಟ್ಟು, ಜನ ಆಕ್ಷೇಪಿಸಿದ ಮೇಲೆ ಕಿತ್ತರಲ್ಲ, ಆ ಚಿತ್ರವನ್ನು ಅಪ್ಪಯ್ಯ ಪತ್ರಿಕೆಯಲ್ಲಿ ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಸ್ಕೇಟ್‌ಬೋರ್ಡ್ ಬಾರದಂತೆ ಕಟ್ಟೆಯ ಅಂಚಿಗೆ ಲೋಹದ ಗುಬುಟು ಹೊಡೆಯುವುದನ್ನು ಕಂಡಾಗಲೆಲ್ಲ ನನಗೆ ಆ ಮೊಳೆಗಳೇ ನೆನಪಾಗುತ್ತವೆ. ಅಪ್ಪಯ್ಯನನ್ನು ಮಲಗಲು ಬಿಟ್ಟ ಕಲ್ಲು ಇಂದು ಅವರ ಮೊಮ್ಮಗಳನ್ನು ಆಡಲು ಬಿಡಬೇಕೆಂದು ಕೇಳುವ ನಾನು, ಆ ಸಮವಸ್ತ್ರದ ಮಗುವಿನ ಚಾಪೆಯನ್ನು ಎತ್ತಿಸಿ ಎಂದು ಹೇಗೆ ಬರೆಯಲಿ? ಇದನ್ನು ನಮ್ಮ ಮನೆಯಲ್ಲೂ ಇಷ್ಟು ಬಿಡಿಸಿ ಹೇಳಿಲ್ಲ.

ಆದ್ದರಿಂದ ಮನವಿಯನ್ನು ಬದಲಿಸುತ್ತಿದ್ದೇವೆ. 2022ರ ಮಾರ್ಚ್‌ನಲ್ಲಿ ಮುಂಬಯಿ ಪೊಲೀಸರು ಭಾನುವಾರ ಬೆಳಿಗ್ಗೆ ಕೆಲವು ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಟ್ಟಿದ್ದರು. ಆ ಪದ್ಧತಿ ನಮ್ಮ ಬಡಾವಣೆಯ ರಸ್ತೆಯೊಂದರಲ್ಲಿ ಪ್ರತಿ ವಾರ ನಡೆಯಲಿ, ಮುಂದೆ ದುರಸ್ತಿಯಾಗುವ ಚೌಕಗಳಲ್ಲಿ ಪೇವರ್ ಬದಲು ಕಾಂಕ್ರೀಟ್ ಹಾಕಲಿ ಎಂದು ಕೇಳುತ್ತೇವೆ. ಮೇಲ್ಸೇತುವೆಯಡಿಯವರಿಗೆ ಸೂರು ಸಿಗುವವರೆಗೆ ಆ ಜಾಗದ ಹೆಸರೆತ್ತುವುದಿಲ್ಲ.

ಸಾಕು, ಬಹಳ ಭಾರವಾಯಿತು. ಡಿಸೆಂಬರಿನಲ್ಲಿ ಬಾ, ಇಲ್ಲಿಯ ರಾಮ ನಾಯಕರ ಉಡುಪಿ ಹೋಟೆಲಿನಲ್ಲಿ ಬಾಳೆಯೆಲೆಯ ಊಟ ಮಾಡೋಣ. ಸಾರು ಎಷ್ಟು ಸಲ ಬಡಿಸಬೇಕೆಂಬ ನಮ್ಮ ಹಳೆಯ ವ್ಯಾಜ್ಯವನ್ನು ಅಲ್ಲಿಯೇ ತೀರ್ಮಾನಿಸೋಣ. ಉದ್ಯಾನದ ನಕ್ಷೆಯ ಪ್ರತಿಯನ್ನು ತಪ್ಪದೆ ತಾ. ಕಟ್ಟೆ ಎಲ್ಲಿ ಬರಬೇಕೆಂದು ತಾನೇ ಗುರುತು ಹಾಕಿಕೊಡುತ್ತೇನೆಂದು ಮಗಳು ಹೇಳಿದ್ದಾಳೆ, ಪೆನ್ಸಿಲ್ ಕೂಡ ಎತ್ತಿಟ್ಟಿದ್ದಾಳೆ.

ನಿನ್ನ,
ಸೀನ