ವಿಯೆಟ್ನಾಮಿನ ‘ನುಅಕ್’ ಬರಿಯ ನೀರಲ್ಲ

ಮಾನ್ಯ ಸಂಪಾದಕರೇ,

ವಿಯೆಟ್ನಾಂ ಪ್ರವಾಸಿಗರಿಗೆಂದು ಕನ್ನಡದಲ್ಲಿ ಬರುವ ಪದಪಟ್ಟಿಗಳಲ್ಲಿ ‘ನುಅಕ್’ ಎಂದರೆ ನೀರು ಎಂದಷ್ಟೇ ಇರುತ್ತದೆ. ಸುಳ್ಳಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಹೋಟೆಲಿನ ಮೆನು ಓದಿದರೆ ಸಸ್ಯಾಹಾರಿಗಳು ಎಡವುತ್ತಾರೆ, ಚರಿತ್ರೆ ಓದಿದರೆ ಅರ್ಥವೇ ಬುಡಮೇಲಾಗುತ್ತದೆ.

ಅದೇ ಪದಕ್ಕೆ ‘ದೇಶ’ ಎಂಬ ಅರ್ಥವೂ ಇದೆ. ‘ನುಅಕ್ ಅನ್ ದೋ’ ಎಂದರೆ ಭಾರತ ದೇಶ. ‘ದತ್’ ಎಂದರೆ ಮಣ್ಣು. ‘ದತ್ ನುಅಕ್’ ಎಂದರೆ ತಾಯ್ನಾಡು. ನೆಲ-ಜಲ ಎಂದು ಒಂದೇ ಉಸಿರಿನಲ್ಲಿ ಹೇಳುವ ನಮಗೆ ಇದೇನೂ ವಿಚಿತ್ರವಲ್ಲ. ಹುಂಗ್ ಅರಸರು (ಐತಿಹ್ಯದ ಪ್ರಕಾರ ವಿಯೆಟ್ನಾಮಿನ ಮೊದಲ ದೊರೆಗಳು) ‘ನುಅಕ್’ ಕಟ್ಟಿದರು, ನಾವು ಅದನ್ನು ಕಾಯಬೇಕು ಎಂಬ ಅರ್ಥದ ಮಾತನ್ನು 1954ರಲ್ಲಿ ಅಲ್ಲಿನ ನಾಯಕ ಹೋ ಚಿ ಮಿನ್ ಸೈನಿಕರಿಗೆ ಹೇಳಿದ್ದರು. ಪದಪಟ್ಟಿಯನ್ನು ನಂಬಿ ಅನುವಾದಿಸಿದರೆ ಅರಸರು ಗದ್ದೆಗೆ ನೀರು ಕಟ್ಟಿದಂತಾಗುತ್ತದೆ!

ಯಾವ ಅರ್ಥ ಎಂದು ತಿಳಿಯಲು ಅಕ್ಕಪಕ್ಕದ ಪದ ನೋಡಬೇಕು. ಎಣಿಕೆಯ ಪದ ನೇರವಾಗಿ ಅಂಟಿಕೊಂಡರೆ ಸಾಮಾನ್ಯವಾಗಿ ದೇಶ: ‘ಹಾಯ್ ನುಅಕ್’ ಎಂದರೆ ಎರಡು ದೇಶಗಳು. ನೀರನ್ನು ಎಣಿಸುವಾಗ ನಡುವೆ ಪಾತ್ರೆಯ ಹೆಸರು ಬರುತ್ತದೆ: ‘ಹಾಯ್ ಚಾಯ್ ನುಅಕ್’, ಎರಡು ಬಾಟಲಿ ನೀರು. ಇಲ್ಲಿ ‘ಚಾಯ್’ ಬಾಟಲಿ, ಚಹಾ ಅಲ್ಲ.

ಊಟದ ವಿಷಯಕ್ಕೆ ಬಂದರೆ, ರಸ, ಸಾರು, ಅದ್ದಿಕೊಳ್ಳುವ ದ್ರವ ಎಲ್ಲವೂ ‘ನುಅಕ್’. ವಿಶೇಷಣ ನಾಮಪದದ ನಂತರ ಬರುವುದರಿಂದ ಮೊದಲ ಪದ ಕಂಡು ನಿಲ್ಲಬಾರದು, ಮುಂದಿನದನ್ನೂ ಓದಬೇಕು. ‘ನುಅಕ್ ಮಮ್’ ಉಪ್ಪು ಬೆರೆಸಿ ಕೊಳೆಯಿಸಿದ ಮೀನಿನಿಂದ ಇಳಿಸಿದ ದ್ರವ. ಸೊಪ್ಪಿನ ಪಲ್ಯಕ್ಕೂ ಬೀಳಬಹುದು. ‘ನುಅಕ್ ಝುಂಗ್’ ಸೂಪಿನ ತಳಸಾರು, ಹೆಚ್ಚಾಗಿ ಮೂಳೆ ಬೇಯಿಸಿದ್ದು. ಹಾಗಾಗಿ ಮಾಂಸದ ಚೂರು ತೆಗೆಸಿದರೆ ಸಾಲದು, ‘ಅನ್ ಚಯ್’ (ಸಸ್ಯಾಹಾರ) ಎಂದು ಮೊದಲೇ ಹೇಳಬೇಕು. ಮೀನಿನ ದ್ರವದ ಬದಲು ಸೋಯಾ ಸಾಸ್ ಬೇಕಿದ್ದರೆ ದಕ್ಷಿಣದಲ್ಲಿ ‘ನುಅಕ್ ತುಅಂಗ್’, ಉತ್ತರದ ಹನೋಯಿ ಕಡೆ ‘ಸೀ ಝಾವ್’.

ತೆಂಗಿನ ವಿಷಯದಲ್ಲೂ ಗೊಂದಲವುಂಟು. ‘ನುಅಕ್ ಝುಅ’ ಎಂದರೆ ಎಳನೀರು. ನಡುವೆ ‘ಕೋತ್’ ಸೇರಿದರೆ ಅದು ತುರಿ ಹಿಂಡಿ ತೆಗೆದ ಗಟ್ಟಿ ಕಾಯಿಹಾಲು. ಅಡುಗೆ ಬರಹಗಳಲ್ಲಿ ಒಂದರ ಬದಲು ಇನ್ನೊಂದು ಹಾಕಿದರೆ ಪಾಯಸ ನೀರಾಗುತ್ತದೆ. ಈ ‘ಝ’ ದಕ್ಷಿಣದವರ ಬಾಯಲ್ಲಿ ‘ಯ’ ಆಗುತ್ತದೆ, ‘ನುಅಕ್ ಯುಅ’. ಹಲವು ಪಾನೀಯಗಳೂ ‘ನುಅಕ್’ ಆದ್ದರಿಂದ, ಬರಿ ‘ನುಅಕ್’ ಕೇಳಿದರೆ ‘ಯಾವುದು?’ ಎಂಬ ಮರುಪ್ರಶ್ನೆ ಬರಬಹುದು. ಸಾದಾ ಕುಡಿಯುವ ನೀರಿಗೆ ‘ನುಅಕ್ ಲೊಕ್’ ಎನ್ನಿ. ‘ನುಅಕ್ ದಾ’, ಕಲ್ಲುನೀರು, ಎಂದರೆ ಮಂಜುಗಡ್ಡೆ.

ಇನ್ನಷ್ಟು ಅರ್ಥಗಳಿವೆ. ಅಕ್ಕಿ ‘ಎರಡು ನೀರು’ ತೊಳೆದಂತೆ ಅಲ್ಲಿಯೂ ತೊಳೆಯುವ ಸಲವನ್ನು ‘ನುಅಕ್’ನಲ್ಲೇ ಎಣಿಸುತ್ತಾರೆ. ಮರಕ್ಕೆ ಬಳಿದ ಬಣ್ಣದ ಲೇಪ, ಚದುರಂಗದ ನಡೆ ಕೂಡ ಅದೇ. ‘ನೋಯ್ ನುಅಕ್ ದೋಯ್’ ಎಂದರೆ ಎರಡರ್ಥ ಬರುವಂತೆ ಜಾರಿಕೊಳ್ಳುವ ಮಾತು.

ಉಚ್ಚಾರಣೆ: ‘ನುಅಕ್’ ಎಂಬುದು ಅಂದಾಜು ಬರವಣಿಗೆ. ಉಕಾರ ಹೇಳುವಾಗ ತುಟಿ ದುಂಡಗಾಗಬಾರದು. ತುಳು ಬಲ್ಲವರಿಗೆ ಇದು ಸುಲಭ, ಅವರ ಪದಗಳ ಕೊನೆಯಲ್ಲಿ ಬರುವ ಅರೆ ಉಕಾರವೇ ಹತ್ತಿರದ್ದು. ಕಕಾರವನ್ನು ಬಾಯಲ್ಲೇ ತಡೆಯಬೇಕು. ವ್ಯಂಜನಾಂತ ಪದಕ್ಕೆ ಸ್ವರ ಸೇರಿಸುವ ನಮ್ಮ ರೂಢಿಯಲ್ಲಿ ‘ನುಅಕ್ಕು’ ಎಂದರೆ ಕೇಳುವವರಿಗೆ ಎರಡು ಪದ ಕೇಳಿಸುತ್ತದೆ. ದನಿ ಪ್ರಶ್ನೆ ಕೇಳಿದಂತೆ ಮೇಲೇರಬೇಕು. ನಾಲಿಗೆ ಹೊರಳದಿದ್ದರೆ ಚೀಟಿಯಲ್ಲಿ ‘nước’ ಎಂದು ಬರೆದು ತೋರಿಸಿ, ಆದರೆ ಅಕ್ಷರಗಳ ಮೇಲಿನ ಗುರುತುಗಳನ್ನು ಬಿಡದೆ ಬರೆಯಿರಿ.

ಇಂತಿ,
ಒಬ್ಬ ಭಾಷಾಂತರಕಾರ, ಬೆಂಗಳೂರು