ಆ ಫಾರಂಗೆ ನಾನಿನ್ನೂ ಸೈನ್ ಹಾಕಿಲ್ಲ

ಪುಟ್ಟಿ,

ಭಾನುವಾರ ನೀನು ಸಿಟ್ಟಲ್ಲಿ ಫೋನ್ ಕಟ್ ಮಾಡಿದ್ಮೇಲೆ ಹೇಳಕ್ಕಾಗದೆ ಉಳಿದಿದ್ದನ್ನ ಬರೀತಿದೀನಿ. "ಎಲ್ಲರ ಅಮ್ಮಂದಿರೂ ಸೈನ್ ಹಾಕಿ ಕಳ್ಸಿದಾರೆ, ನಿಂದೊಬ್ಳದೇ ಎಂತ ರಗಳೆ" ಅಂದ್ಯಲ್ಲ. ವಾರ್ಡನ್ ಎದುರು ನಿಂಗೆ ಮುಜುಗರ ಆಯ್ತು, ಅದಕ್ಕೆ ಸಾರಿ ಮಗಳೇ. ಆದ್ರೆ ಹಾಸ್ಟೆಲಿನ ಆ ಫಾರಂನ ಕೊನೇ ಸಾಲು ಓದಿದ್ಯಾ? ಮೊಬೈಲ್ ಮತ್ತು ಸಾಮಾಜಿಕ ಜಾಲತಾಣಗಳ ಬಳಕೆಯಿಂದ ಉಂಟಾಗುವ ಎಲ್ಲಾ ಪರಿಣಾಮಗಳಿಗೂ ಪೋಷಕರೇ ಹೊಣೆ ಅಂತ ಇದೆ. ತೀರ್ಥಹಳ್ಳಿ ಪಕ್ಕದ ಈ ಮೂಲೇಲಿ ಕೂತು, ಶಿವಮೊಗ್ಗದಲ್ಲಿ ರಾತ್ರಿ ಲೈಟ್ ಆಫ್ ಆದ್ಮೇಲೆ ನಿನ್ನ ಫೋನಿಗೆ ಎಂತ ಬರ್ತದೆ ಅಂತ ನಾನು ಹ್ಯಾಗೆ ಕಾಯ್ಲಿ?

ಒಂಬತ್ತನೇ ಕ್ಲಾಸಿನ ಆ ಮಳೆಗಾಲದ ಬಗ್ಗೆ ನಾವಿಬ್ರೂ ಮಾತಾಡಲ್ಲ. ನಂಗೆ ಮಾತ್ರ ತಲೆಯಿಂದ ಹೋಗ್ತಿಲ್ಲ. ಅಜ್ಜಿ ಅರಿಶಿನ ಎಲೆ ಕಡುಬು ಮಾಡಿದ್ರು, ನೀನು ಎಲೆ ಬಿಡಿಸಿ, ವಾಸನೆ ನೋಡಿ, ಮತ್ತೆ ಹಾಗೇ ಮಡಚಿಟ್ಟು ಹಸಿವಿಲ್ಲ ಅಂದೆ. ಆಮೇಲೆ ಅನ್ನ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ, ಬಳೆ ಕೈಯಿಂದ ಜಾರಕ್ಕೆ ಶುರುವಾಯ್ತು. ನೀನು ಸ್ನಾನಕ್ಕೆ ಹೋದಾಗ ಫೋನ್ ತೆಗ್ದು ನೋಡಿದೆ, ಒಂದರ ಕೆಳಗೊಂದು ಬರೀ ಬೆನ್ನುಮೂಳೆ ಕಾಣೋ ಹುಡುಗೀರು, ಇವತ್ತಿಡೀ ನಾನು ತಿಂದಿದ್ದು ಇಷ್ಟೇ ಅನ್ನೋ ವಿಡಿಯೋಗಳು, ಎಷ್ಟು ಎಳೆದ್ರೂ ಮುಗೀತಾನೇ ಇರ್ಲಿಲ್ಲ. ನೀನು ಹುಡುಕಿದ್ದು ಒಂದ್ಸಲ, ಸ್ಕೂಲ್ ಡೇ ಡ್ಯಾನ್ಸಿಗೆ ಹೊಟ್ಟೆ ಕರಗಿಸೋದು ಹ್ಯಾಗೆ ಅಂತ. ಉಳಿದಿದ್ದನ್ನೆಲ್ಲ ಆ ಆ್ಯಪೇ ತಂದು ತಂದು ಹಾಕಿದ್ದು. ಯಾವುದರ ಮೇಲೆ ನಿನ್ನ ಬೆರಳು ಒಂದು ಕ್ಷಣ ಜಾಸ್ತಿ ನಿಂತ್ರೂ ಅಂಥದ್ದೇ ಇನ್ನಷ್ಟು ಬರ್ತದೆ, ಅದಿರದೇ ಹಂಗೆ. ಆಗ ನಿಂಗೆ ಹದಿನಾಲ್ಕು.

ಅದಕ್ಕೇ ಮಾಲಿ ರಸೆಲ್ ಬಗ್ಗೆ ಓದಿದಾಗ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಲಂಡನ್ ಹುಡುಗಿ, 2017ರಲ್ಲಿ ಹೋಗ್ಬಿಟ್ಲು, ಅವಳಿಗೂ ಹದಿನಾಲ್ಕೇ. ಐದು ವರ್ಷ ಆದ್ಮೇಲೆ, 2022ರಲ್ಲಿ, ಆನ್‌ಲೈನಲ್ಲಿ ಅವಳು ನೋಡಿದ್ದೂ ಸಾವಿಗೆ ಒಂದು ಕಾರಣ, ಕೆಲವನ್ನಂತೂ ಅವಳು ಕೇಳದೇನೇ ಅಲ್ಗಾರಿದಂ, ಅಂದ್ರೆ ಯಾರಿಗೆ ಎಂತ ತೋರಿಸ್ಬೇಕು ಅಂತ ಆರಿಸೋ ಆ್ಯಪಿನ ಲೆಕ್ಕಾಚಾರ, ಕೊಟ್ಟಿದೆ ಅಂತ ಅಲ್ಲಿ ಸಾವಿನ ವಿಚಾರಣೆ ಮಾಡೋ ಅಧಿಕಾರಿ ಹೇಳಿದ್ರು. ಅವಳ ಅಪ್ಪ ಅಮ್ಮನೂ ಮನೇಲೇ ಇದ್ರಲ್ಲ ಪುಟ್ಟಿ, ಪಕ್ಕದ ರೂಮಲ್ಲೇ ಇದ್ರೂ ಕಾಣ್ಲಿಲ್ಲ ಅಂದ್ರೆ ಎಂತ ಮಾಡದು?

ಫೋನ್ ಯಾಕೆ ಕೊಡ್ತೀರಿ ಅಂತ ಕೇಳೋರಿಗೆ ಬರಗಾಲ ಇಲ್ಲ. 2020ರಲ್ಲಿ ಸ್ಕೂಲೇ ಕೇಳ್ತು, ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿ ಕ್ಲಾಸ್ ಕೇಳಿದ್ದು ನೀನೇ. ತೋಟಕ್ಕೆ ತರೋ ವಿಷದ ಡಬ್ಬಿ ಮೇಲೂ ಬಣ್ಣದ ಎಚ್ಚರಿಕೆ ಗುರುತು ಇರ್ತದೆ, ಮಕ್ಕಳ ಕೈಗೆ ಹೋಗೋ ಈ ಆ್ಯಪುಗಳ ಮೇಲೆ ಅಂಥದ್ದೊಂದು ಎಚ್ಚರಿಕೆ ಕಾಣಲ್ಲ. ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡೋ ಸರ್ಕಾರಿ ಡಾಕ್ಟರ್ ಆಗಿದ್ದ ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದವ್ರು, 2024ರಲ್ಲಿ ಕೇಳಿದ್ದು ಅದನ್ನೇ, ಸಿಗರೇಟ್ ಪ್ಯಾಕ್ ಮೇಲಿನ ಥರ ಎಚ್ಚರಿಕೆ ಹಾಕ್ಬೇಕು ಅಂತ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದ ಮಕ್ಕಳಿಗೆ ಸಾಮಾಜಿಕ ಜಾಲತಾಣದ ಅಕೌಂಟ್ ಕೊಡೋ ಹಾಗಿಲ್ಲ. "ನಂಗೆ 16 ಆಯ್ತು, ಅಲ್ಲೂ ಬಿಡ್ತಾರೆ" ಅಂದೆ ನೀನು. ಸರಿ, ಆದ್ರೆ ತಪ್ಪಿದ್ರೆ ದಂಡ ಯಾರಿಗೆ ನೋಡು. ಮಕ್ಕಳಿಗಲ್ಲ, ಅಪ್ಪ ಅಮ್ಮಂಗೂ ಅಲ್ಲ, ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್ ತನಕ. ನಮ್ಮ ದೇಶದಲ್ಲೂ ಜನರ ಖಾಸಗಿ ಮಾಹಿತಿ ಕಾಯೋ 2023ರ ಡೇಟಾ ಕಾನೂನು, ಕಂಪನಿಗಳು 18ರ ಒಳಗಿನವ್ರು ಆನ್‌ಲೈನಲ್ಲಿ ಎಂತ ಮಾಡ್ತಾರೆ ಅಂತ ಹಿಂಬಾಲಿಸಬಾರದು, ಅವ್ರಿಗೆ ಗುರಿ ಇಟ್ಟು ಜಾಹೀರಾತು ತೋರಿಸಬಾರದು ಅಂತದೆ, 200 ಕೋಟಿ ರೂಪಾಯಿ ತನಕ ದಂಡ. ಅದರ ನಿಯಮ ಬಂದಿದ್ದು 2025ರ ನವೆಂಬರಲ್ಲಿ, ಆದ್ರೆ ಮುಖ್ಯ ಭಾಗಕ್ಕೆ ಮತ್ತೆ 18 ತಿಂಗಳು ಟೈಮ್. ಅಷ್ಟರಲ್ಲಿ ನಿನ್ನ ಪಿಯುಸಿನೇ ಮುಗೀತಾ ಬರ್ತದೆ.

ನನ್ನ ಪಾಲಿನದ್ದು ನಾನು ಹೊರ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೊದಲ ಹೊಣೆ ಆ ಆ್ಯಪುಗಳನ್ನ ಹಾಗೆ ಕಟ್ಟಿ ದುಡ್ಡು ಮಾಡೋರದ್ದು, ಅವ್ರನ್ನ ಹಿಡಿದು ಕೇಳೋದು ಸರ್ಕಾರದ್ದು, ಹಾಸ್ಟೆಲ್ಲಿಗೂ ಒಂದು ಪಾಲಿದೆ. ಆ ಸಾಲಿನ ಕೆಳಗೆ ಇಷ್ಟನ್ನ ಪೆನ್ನಲ್ಲಿ ಬರೆದೇ ಸೈನ್ ಹಾಕಿ ಶನಿವಾರ ಅಪ್ಪನ ಹತ್ರ ಕಳಿಸ್ತೀನಿ, ನೀನು ಬೇಜಾರು ಮಾಡ್ಕೊಂಡ್ರೂ ಸರಿ.

ನಿಂಗೊಂದು ಗೊತ್ತಾ, ಆ ಮಳೆಗಾಲದ ಕೊನೇಲಿ "ಅಮ್ಮ, ನಂಗೆ ಇದನ್ನ ನಿಲ್ಲಿಸಕ್ಕೆ ಆಗ್ತಿಲ್ಲ" ಅಂತ ನೀನಾಗೇ ಬಂದು ಹೇಳಿದ್ಯಲ್ಲ, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸಿಗಿಂತ ನಂಗೆ ಹೆಮ್ಮೆ ಅದೇ. ಈಗ್ಲೂ ಅಷ್ಟೇ ಮಾರಾಯ್ತಿ. ರಾತ್ರಿ ಫೋನ್ ದಿಂಬಿನ ಕೆಳಗೆ ಇಟ್ಕೋಬೇಡ, ಗುರುತಿಲ್ಲದವ್ರಿಗೆ ಫೋಟೋ ಕಳಿಸಬೇಡ, ಊಟ ಬಿಡಬೇಡ. ಮತ್ತೆ ಭಾಷಣ ಆಯ್ತು, ಇರ್ಲಿ, ಇದೊಂದು ಕೇಳು. ಯಾರಾದ್ರೂ ನಿನ್ನ ಫೋಟೋ ತಿರುಚಿ ಹೆದರಿಸಿದ್ರೆ ದುಡ್ಡು ಕೊಡಬೇಡ, ಮೆಸೇಜ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗಿ. ಮಕ್ಕಳ ಸಹಾಯವಾಣಿ 1098 ಇದೆ. ಅದಕ್ಕೂ ಮೊದ್ಲು ಮನೆಗೆ ಮಾಡು, ಎಷ್ಟೊತ್ತಾದ್ರೂ ಸರಿ. ಈ ಮಳೇಲಿ ಮೊಬೈಲ್ ಸಿಗಲ್ಲ, ಲ್ಯಾಂಡ್‌ಲೈನಿಗೇ ಮಾಡು. ಅಪ್ಪ ಎತ್ತಿದ್ರೆ ಅವ್ರಿಗೇ ಹೇಳು, ಬೈಯಲ್ಲ, ನಾನು ಮಾತಾಡಿಟ್ಟಿದೀನಿ.

ಅಮ್ಮ