ಭಾವನಿಗೆ, ಮತ್ತು ಅಪ್ಪನ ಜೊತೆ ನಿಂತ ಎಲ್ಲರಿಗೂ

ಅಪ್ಪನ ವೈಕುಂಠ ಸಮಾರಾಧನೆ ಮುಗಿಯಿತು. ಒಬ್ಬೊಬ್ಬರಿಗೇ ಉತ್ತರ ಬರೆಯಲು ಇನ್ನೂ ಶಕ್ತಿ ಬಂದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪನಿಗೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಇತ್ತು, ಆ ಕಥೆ ನಿಮಗೆಲ್ಲ ಗೊತ್ತೇ ಇದೆ. ಗಂಜಿ ಮಾಡಿ ಕಳಿಸಿದ ಚಿಕ್ಕಮ್ಮ, ರಜೆ ಕೇಳಿದಾಗಲೆಲ್ಲ ಕೊಟ್ಟ ಆಫೀಸಿನವರು, ನಡುರಾತ್ರಿ ಕಾರು ತೆಗೆದ ಪಕ್ಕದ ಮನೆ ಅಂಕಲ್, ಎಲ್ಲರಿಗೂ ಕೈ ಮುಗಿಯುತ್ತೇನೆ.

ಕೀಮೋ ನಿಲ್ಲಿಸಿದ ದಿನ ಒಬ್ಬ ಡಾಕ್ಟರ್ "ಇನ್ನು ಮಾಡೋಕೆ ಏನೂ ಇಲ್ಲ" ಅಂದಿದ್ದರು. ಆ ಮಾತು ಈಗಲೂ ಚುಚ್ಚುತ್ತದೆ. ಮಾಡೋಕೆ ಎಷ್ಟೊಂದು ಇತ್ತು! ಕಟ್ಟಿಕೊಂಡ ಪಿತ್ತನಾಳಕ್ಕೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿದ ಮೇಲೆ ಕಾಮಾಲೆ ಇಳಿಯಿತು, ಮೈಯೆಲ್ಲ ಕೆರೆದುಕೊಳ್ಳುವುದು ನಿಂತಿತು. ಊಟದ ಜೊತೆ ಜೀರ್ಣಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ಶುರುವಾದ ಮೇಲೆ ತಿಂದದ್ದು ಅರಗತೊಡಗಿತು, ಅಪ್ಪ ಅನ್ನಕ್ಕೆ ಮತ್ತೆ ತುಪ್ಪ ಕೇಳಿದರು.

ನೋವಿನದೇ ದೊಡ್ಡ ಕಷ್ಟ. 2014ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ತಿದ್ದಿ, ರೋಗಿಗಳಿಗೆ ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿ ಸಿಗುವುದನ್ನು ಸುಲಭ ಮಾಡಿದ್ದಾರೆ. ಆದರೂ ನಮ್ಮ ಸುತ್ತಮುತ್ತ ಯಾವ ಮೆಡಿಕಲ್ ಶಾಪಿನಲ್ಲೂ ಇರಲಿಲ್ಲ. ಚೀಟಿ ಹಿಡಿದು ಸ್ಕೂಟರಿನಲ್ಲಿ ಅಲೆದವರು ಅಕ್ಕನ ಗಂಡ, ನಮ್ಮ ಭಾವ. ಹಾಗೆ ಅಲೆಯುವಾಗಲೇ ಅವರಿಗೆ ಯಾರೋ ಬೆಂಗಳೂರಿನ ಮಾರತಹಳ್ಳಿಯಲ್ಲಿ, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯದ ವಿಷಯ ಹೇಳಿದರು. ಅಲ್ಲಿಂದ ಸಿಸ್ಟರ್ ಮನೆಗೇ ಬಂದರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮಾರ್ಫಿನ್ ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಮಧ್ಯೆ ನೋವು ಎದ್ದರೆ ಏನು ಮಾಡಬೇಕು, ಮಲ ಕಟ್ಟದಂತೆ ಜೊತೆಗೆ ಯಾವ ಮಾತ್ರೆ, ಎಲ್ಲ ಹೇಳಿಕೊಟ್ಟರು. ಭಾವ ಅದನ್ನು ಅಕ್ಕನ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಟ್ಟುಕೊಂಡರು.

ಒಂದು ಭಾನುವಾರದ ರಾತ್ರಿ ನೋವು ಬೆನ್ನಿಗೆ ಹೊಡೆಯಿತು. ಅಪ್ಪನಿಗೆ ಮಲಗಲು ಆಗುತ್ತಿರಲಿಲ್ಲ, ಮುಂದಕ್ಕೆ ಬಾಗಿದರೆ ಮಾತ್ರ ಸ್ವಲ್ಪ ತಡೆಯುತ್ತಿತ್ತು. ಭಾವ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಅಪ್ಪನ ಹಣೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. ಸಿಸ್ಟರ್‌ಗೆ ಫೋನ್ ಮಾಡಿ ಕೇಳಿ, ಅವರು ಹೇಳಿದಷ್ಟೇ ಮಾತ್ರೆ ಕೊಟ್ಟು, ಟೈಮ್ ಬರೆದುಕೊಂಡರು. ಮಾರ್ಫಿನ್ ಅಂದರೆ ಕೊನೆ ಅಂತ ಅಮ್ಮ ಅಳುತ್ತಿದ್ದರು. "ಅತ್ತೆ, ಮಾವ ಬೆಳಿಗ್ಗೆ ಎದ್ದು ಪೇಪರ್ ಓದಬೇಕಲ್ವಾ, ಅದಕ್ಕೆ ಇದು" ಅಂದರು ಭಾವ. ಬೆಳಕು ಹರಿಯುವವರೆಗೂ ಅಲುಗಾಡದೆ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ದೇವರೇ ಸಾಕು, ಕರೆದುಕೋ ಅಂತ ಬೇಡಿಕೊಂಡಿದ್ದೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಡೋಸ್ ಹೊಂದಿಕೆಯಾಯಿತು. ಅಪ್ಪ ನಿಜವಾಗಿಯೂ ಪೇಪರ್ ಓದಿದರು. ಕಾಫಿಗೆ ಸಕ್ಕರೆ ಕಮ್ಮಿ ಅಂತ ಅಮ್ಮನ ಜೊತೆ ಜಗಳ ಆಡಿದರು, ತಮ್ಮ ಪಿಂಚಣಿ ಕಾಗದಗಳನ್ನೆಲ್ಲ ನನಗೆ ಒಂದೊಂದಾಗಿ ತೋರಿಸಿದರು. ಆ ವಾರಗಳು ನಮಗೆ ಸಿಕ್ಕಿದ್ದು ಭಾವನಿಂದ.

ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಕೀಮೋ ನಡೆಯುತ್ತಿರುವಾಗಲೇ ಪ್ಯಾಲಿಯೇಟಿವ್ ಡಾಕ್ಟರನ್ನು, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಡಾಕ್ಟರನ್ನು ನೋಡಿ, ಕೊನೆಗೆ ಅಂತ ಕಾಯಬೇಡಿ. ಏನು ಕೇಳಬೇಕು ಅಂತ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ಆ ನೋಟ್‌ಬುಕ್ ನಮ್ಮ ಹತ್ತಿರವೇ ಇದೆ.

ಭಾವ, ನಿಮ್ಮ ಬೆನ್ನುನೋವಿಗೆ ಡಾಕ್ಟರ್ ಹತ್ತಿರ ಹೋಗಿ ಅಂತ ಅಕ್ಕ ಹೇಳುತ್ತಲೇ ಇದ್ದಾಳೆ. ಈ ಶನಿವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಇಲ್ಲ ಅನ್ನಬೇಡಿ.